ದೆಲಾರಾಳ ನಲವತ್ತು ದಿನ

ಏಳನೆಯ ಕಂತು

“ಹುಡುಗೀನ ನೋಡಬೇಡ. ಗೋಡೆ ನೋಡು,” ಎಂದರು ಬಹಮನ್.

ಮಹರುಖ್‌ಗೆ ಅದು ಸುಲಭವಾಗಲಿಲ್ಲ. ಮೂರು ದಿನದಿಂದ ಅವಳು ನೋಡುತ್ತಿದ್ದದ್ದು ಆ ಒಂದೇ ಮುಖವನ್ನು. ಮೂಗಿನ ಮೇಲೆ ಬಿಳಿ ಪಟ್ಟಿ. ಕಣ್ಣುಗಳ ಕೆಳಗೆ ನೀಲಿಗಟ್ಟಿದ ಚರ್ಮ. ಆ ನೀಲಿಯ ನಡುವಿನಿಂದ ನಗುವ ಎರಡು ಕಣ್ಣುಗಳು.

ದೆಲಾರಾ ಎಂಬ ಈ ಹುಡುಗಿ ಮೂಗಿನ ಶಸ್ತ್ರಚಿಕಿತ್ಸೆಯಾದ ಮೇಲಿನ ನಲವತ್ತು ದಿನಗಳನ್ನು ದಿನಕ್ಕೊಂದು ವಿಡಿಯೊ ಮಾಡಿ ಹಾಕುತ್ತಿದ್ದಳು. ತಾನೂ ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅವಳ ಮಾತು ಕೇಳಿ ಮಾತ್ರೆ ನಿಲ್ಲಿಸಿ, ಮೂಗಿಗೆ ಎಣ್ಣೆ ಬಿಟ್ಟುಕೊಂಡ ಶೊಕೂಫೆ ಐದು ದಿನದಿಂದ ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಳು.

ಶೊಕೂಫೆಗೆ ಇಪ್ಪತ್ತೆರಡು ವರ್ಷ. ಮೂಗಿನೊಳಗಿನ ಸೋಂಕು ಮೆದುಳಿನವರೆಗೆ ಏರಿತ್ತು. ಅವಳ ತಾಯಿ ಅಖ್ತರ್ ಖಾನಂ ವಕೀಲೆ ಮಹರುಖ್ ತಫ್ರೇಶಿಯ ಬಾಗಿಲು ತಟ್ಟಿದಾಗ ಕೈಯಲ್ಲಿ ಡಾಕ್ಟರು ಕೊಟ್ಟ ಸೂಚನೆಗಳ ಕಾಗದವಿತ್ತು. ಮಡಿಕೆ ಕೂಡ ಬಿಚ್ಚದ ಕಾಗದ.

“ಡಾಕ್ಟರು ಮೂರು ನಿಮಿಷ ಮಾತಾಡಿದ್ರು ತಾಯಿ,” ಎಂದಿದ್ದಳು ಅಖ್ತರ್. “ಈ ದೆಲಾರಾ ದಿನಾ ಬಂದು ಮಾತಾಡ್ತಿದ್ಲು. ನನ್ನ ಮಗಳು ಯಾರನ್ನ ನಂಬ್ತಾಳೆ ಹೇಳಿ?”

ಮಹರುಖ್ ಕಾಗದ ತೆಗೆದುಕೊಂಡು ಮಡಿಕೆ ಬಿಚ್ಚಿದ್ದಳು.

ಬಹಮನ್ ಅವಳ ಸೋದರಮಾವ. ಎಪ್ಪತ್ತಮೂರು ವರ್ಷ. ತೆಹರಾನಿನ ಲಾಲೆಜಾರ್ ಬೀದಿಯಲ್ಲಿ, ತೂಗುದೀಪದ ಅಂಗಡಿಗಳ ಮೇಲಿನ ಮಹಡಿಯಲ್ಲಿ ಅವರ ಫೋಟೊ ಸ್ಟುಡಿಯೊ. ಬೀದಿಯಲ್ಲಿ ನಾಟಕಶಾಲೆಗಳಿದ್ದ ಕಾಲದಲ್ಲಿ ಪ್ರತಿ ನಾಟಕದ ಚಿತ್ರಗಳನ್ನೂ ಅವರೇ ತೆಗೆಯುತ್ತಿದ್ದರು. ಈಗ ಪಾಸ್‌ಪೋರ್ಟ್ ಫೋಟೊ.

ಮೇಜಿನ ಮೇಲೆ ಅವರು ಮೂವತ್ತೊಂದು ಸಣ್ಣ ಚಿತ್ರಗಳನ್ನು ಸಾಲಾಗಿ ಹರಡಿದ್ದರು. ಪ್ರತಿ ವಿಡಿಯೊದಿಂದ ಒಂದೊಂದು. ನಿನ್ನೆ ಸಂಜೆ ಐದಕ್ಕೆ ಬಂದಿದ್ದ ಮೂವತ್ತೊಂದನೆಯದು ಕೊನೆಯಲ್ಲಿತ್ತು.

“ಅವಳ ಹಿಂದೆ ಗೋಡೆ ಮೇಲೆ ಏನಿದೆ?”

“ಕಿಟಕಿ ಸರಳಿನ ನೆರಳು.”

“ಮೊದಲನೇ ದಿನ ಎಲ್ಲಿದೆ?”

“ಸೋಫಾದ ಎಡಗೈ ಹತ್ತಿರ.”

“ಎರಡನೇ ದಿನ?”

“ಒಂದು ಬೆರಳು ಆಚೆ.” ಮಹರುಖ್ ಸಾಲಿನುದ್ದಕ್ಕೂ ಬೆರಳು ಸರಿಸಿದಳು. ಹತ್ತನೆಯ ದಿನ ಆ ನೆರಳು ದೆಲಾರಾಳ ಭುಜದ ಹಿಂದೆ ಇತ್ತು. ಇಪ್ಪತ್ತನೆಯ ದಿನ ಭುಜ ದಾಟಿತ್ತು. ಮೂವತ್ತೊಂದನೆಯ ದಿನ ಗೋಡೆ ಮುಗಿಯುವ ಕಡೆ, ಬಾಗಿಲ ಚೌಕಟ್ಟನ್ನು ಮುಟ್ಟಿತ್ತು.

“ದಿನಾ ಒಂದೇ ಹೊತ್ತಿಗೆ ಕೂತಿದ್ರೆ ನೆರಳು ಒಂದೇ ಕಡೆ ಇರಬೇಕು,” ಎಂದರು ಬಹಮನ್. “ಬೇರೆ ಬೇರೆ ಹೊತ್ತಿಗೆ ಕೂತಿದ್ರೆ ಒಂದ್ಸಲ ಮುಂದೆ, ಒಂದ್ಸಲ ಹಿಂದೆ. ಇದು ಒಂದು ಸಲಾನೂ ಹಿಂದಕ್ಕೆ ಹೋಗಿಲ್ಲ. ಅಂಗಿ ಬದಲಾಗಿದೆ, ತಲೆಬಟ್ಟೆ ಬದಲಾಗಿದೆ. ಸೂರ್ಯನಿಗೆ ಬಟ್ಟೆ ಬದಲಾಯಿಸೋಕೆ ಯಾರೂ ಹೇಳಲಿಲ್ಲ.”

“ಅಂದ್ರೆ?”

“ಇದು ಮೂವತ್ತೊಂದು ದಿನ ಅಲ್ಲ ಮಗಳೇ. ಒಂದೇ ಒಂದು ಮಧ್ಯಾಹ್ನ.”

ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯಿಂದ ಗಾಜಿನ ಸಾಮಾನು ಇಳಿಸುತ್ತಿದ್ದರು. ಕಣಕಣ ಸದ್ದು ಮೆಟ್ಟಿಲೇರಿ ಬಂತು.

ಲಕ್ಷಾಂತರ ಹುಡುಗಿಯರು ತಮ್ಮ ನೋವನ್ನು ಈ ಹುಡುಗಿಯ ದಿನಗಳ ಪಕ್ಕ ಇಟ್ಟು ಅಳೆದಿದ್ದರು. ಅವಳಿಗೆ ನಾಲ್ಕನೇ ದಿನಕ್ಕೆ ಊತ ಇಳಿಯಿತು, ನನಗೇಕೆ ಇಳಿದಿಲ್ಲ? ಅವಳು ಹನ್ನೊಂದನೇ ದಿನ ಎಣ್ಣೆ ಹಾಕಿಕೊಂಡಳು, ನಾನೂ ಹಾಕಿಕೊಳ್ಳಲೇ? ದೆಲಾರಾಳ ನಾಲ್ಕನೇ ದಿನಕ್ಕೂ ಹನ್ನೊಂದನೇ ದಿನಕ್ಕೂ ನಡುವೆ ಕಳೆದಿದ್ದದ್ದು ಹೆಚ್ಚೆಂದರೆ ಒಂದೂವರೆ ಗಂಟೆ.

ಅವಳು ಕೊನೆಯ ಚಿತ್ರವನ್ನು ಎತ್ತಿಕೊಂಡಳು. ಬೆಳಕು ಹೋಗುತ್ತಿತ್ತು. ದೆಲಾರಾಳ ಅರ್ಧ ಮುಖ ಕತ್ತಲಲ್ಲಿತ್ತು. ಮೂವತ್ತು ಚಿತ್ರಗಳಲ್ಲಿ ನಗುತ್ತಿದ್ದ ಹುಡುಗಿ ಇದರಲ್ಲಿ ನಗುತ್ತಿರಲಿಲ್ಲ. ಅವಳು ಕ್ಯಾಮೆರಾದ ಎಡಕ್ಕೆ, ಅಲ್ಲಿ ನಿಂತಿದ್ದ ಯಾರನ್ನೋ ನೋಡುತ್ತಿದ್ದಳು.

“ಬೆಳಕು ಹೋದ ಮೇಲೆ ಏನಾಯ್ತು ಮಾವ?”

“ಅದು ನನ್ನ ಕಸುಬಲ್ಲ. ನಿನ್ನದು.” ಬಹಮನ್ ಎದ್ದು ಕಪಾಟಿನ ಕಡೆ ಹೋದರು. “ನನ್ನ ಕಸುಬಿಗೆ ಸೇರಿದ್ದು ಇನ್ನೊಂದು ಇದೆ. ಆ ನೀಲಿ ಕಲೆ ನೋಡು. ನಿಮ್ಮತ್ತೆ ಮೆಟ್ಟಿಲ ಮೇಲೆ ಬಿದ್ದಳಲ್ಲ, ನೆನಪಿದೆಯಾ? ಕಣ್ಣಿನ ಕೆಳಗಿದ್ದ ರಕ್ತ ಮೂರು ದಿನಕ್ಕೆ ಕೆನ್ನೆಗೆ ಬಂತು, ವಾರಕ್ಕೆ ದವಡೆಗೆ ಇಳೀತು. ರಕ್ತ ಕೆಳಗೆ ಇಳಿಯತ್ತೆ. ಇವಳದ್ದು ಬಣ್ಣ ಮಾತ್ರ ಬದಲಾಯಿಸತ್ತೆ. ನೀಲಿ, ಹಸಿರು, ಹಳದಿ. ಅಂಚು ಕೂದಲೆಳೆಯಷ್ಟೂ ಕದಲಿಲ್ಲ.”

“ಬಣ್ಣ ಬಳಿದಿದ್ದಾರೆ.”

“ಬಳಿದದ್ದು ಯಾರು ಅಂತ ಕೇಳು.”

ಅವರು ಧೂಳು ಹಿಡಿದ ಪೆಟ್ಟಿಗೆಯಿಂದ ಒಂದು ಕಪ್ಪುಬಿಳುಪು ಚಿತ್ರ ತೆಗೆದರು. ನಾಟಕದ ವೇಷದಲ್ಲಿ ಒಬ್ಬ ನಟ; ಪೆಟ್ಟು ತಿಂದು ಮಂಡಿಯೂರಿದ್ದಾನೆ. ಕಣ್ಣಿನ ಕೆಳಗೆ ಕಲೆ. ಅಂಜೂರದ ಎಲೆಯ ಆಕಾರ, ಹೊರತುದಿಯಲ್ಲಿ ಸಣ್ಣ ಕೊಕ್ಕೆ. ಮಹರುಖ್ ಅದನ್ನು ದೆಲಾರಾಳ ಚಿತ್ರದ ಪಕ್ಕ ಇಟ್ಟಳು. ಮೂವತ್ತು ವರ್ಷದ ಅಂತರದಲ್ಲಿ ಎರಡು ಮುಖ. ಒಂದೇ ಕಲೆ.

“ತೂರಾನ್,” ಎಂದರು ಬಹಮನ್. “ನಾಟಕದವರಿಗೆ ಬಣ್ಣ ಹಚ್ಚೋಳು, ಮೇಣದಲ್ಲಿ ಮೂಗೂ ಮಾಡೋಳು. ಈ ಬೀದೀಲಿ ಅವಳಷ್ಟು ಚೆನ್ನಾಗಿ ಮುಖದ ಮೇಲೆ ಏಟಿನ ಗುರುತು ಬಿಡಿಸೋರು ಯಾರೂ ಇರಲಿಲ್ಲ. ಈಗ ನಾರ್ಮಕ್ ಬಡಾವಣೇಲಿ ಹೆಂಗಸರ ಬ್ಯೂಟಿ ಪಾರ್ಲರ್ ಇಟ್ಕೊಂಡಿದ್ದಾಳೆ.”

ಮಹರುಖ್ ಕೋಟು ಹಾಕಿಕೊಳ್ಳುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಖ್ತರ್.

“ತಾಯಿ, ಆ ಎಣ್ಣೇಲಿ ಏನಿತ್ತು ಅಂತ ಡಾಕ್ಟರು ಮತ್ತೆ ಕೇಳ್ತಿದ್ದಾರೆ. ಗೊತ್ತಾದ್ರೆ ಔಷಧಿ ಬದಲಾಯಿಸ್ತಾರಂತೆ. ಆ ಹನ್ನೊಂದನೇ ದಿನದ ವಿಡಿಯೊನೂ ಬೆಳಿಗ್ಗೆಯಿಂದ ಕಾಣ್ತಿಲ್ಲ, ಅಳಿಸಿಬಿಟ್ಟಿದ್ದಾರೆ.”

“ಖಾಲಿ ಬಾಟಲಿ ಮನೇಲಿದೆ ಅಂದಿದ್ರಲ್ಲ?”



“ಇತ್ತು. ನಾನೇ ಬಿಸಿನೀರು, ಸೋಪು ಹಾಕಿ ತೊಳೆದಿಟ್ಟಿದ್ದೆ. ಚೆಂದದ ಬಾಟಲಿ, ಕೇಸರಿ ಹಾಕಿಡೋಣ ಅಂತ.”

*

ಬಹಮನ್‌ರ ಹಳೆಯ ಪೇಕಾನ್ ಕಾರು ಹೊಗೆ ಮುಸುಕಿದ ರಸ್ತೆಗಳಲ್ಲಿ ಕೆಮ್ಮುತ್ತ ಹೋಯಿತು. ಶರತ್ಕಾಲದ ಆಬಾನ್ ತಿಂಗಳ ಮಬ್ಬು ಬಿಸಿಲು. ಮೂಗಿಗೆ ಪಟ್ಟಿ ಹಾಕಿಕೊಂಡ ಹುಡುಗಿಯರನ್ನು ತೆಹರಾನಿನ ಕಾಲುದಾರಿಗಳಲ್ಲಿ ಮಹರುಖ್ ಸಾವಿರ ಸಲ ನೋಡಿದ್ದಳು. ಎಂದೂ ತಿರುಗಿ ನೋಡಿರಲಿಲ್ಲ. ಇವತ್ತು ಕಣ್ಣು ಅಲ್ಲೇ ಹೋಗುತ್ತಿತ್ತು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಒಬ್ಬಳು. ಬಸ್ ನಿಲ್ದಾಣದಲ್ಲಿ ಒಬ್ಬಳು, ಫೋನಿನೊಳಗೆ ಮುಳುಗಿ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಲ್ಲಿ ಒಬ್ಬ ಹುಡುಗ. ಪಟ್ಟಿಯ ಹಿಂದಿನಿಂದ ಅವರೆಲ್ಲ ಒಂದೇ ಮುಖದವರಂತೆ ಕಂಡರು.

“ನಮ್ಮ ಮನೆತನದ ಮೂಗಿಗೆ ಯಾರೂ ಕತ್ತರಿ ಹಾಕಿಲ್ಲ,” ಎಂದರು ಬಹಮನ್, ಅವಳ ಮುಖ ನೋಡಿ. “ಅದಕ್ಕೇ ನಾವು ಎಲ್ಲರಿಗಿಂತ ಮೊದಲು ವಾಸನೆ ಹಿಡಿಯೋದು.”

ಅವಳಿಗೆ ನಗು ಬರಲಿಲ್ಲ.

ಪಾರ್ಲರಿನ ಬಾಗಿಲಿಗೆ ದಪ್ಪ ಹಸಿರು ಪರದೆ. ‘ಗಂಡಸರಿಗೆ ಪ್ರವೇಶವಿಲ್ಲ.’ ಬಹಮನ್ ಎದುರಿನ ಪುಟ್ಟ ಉದ್ಯಾನದ ಬೆಂಚಿನ ಮೇಲೆ ಕುಳಿತರು. ಮಹರುಖ್ ಒಬ್ಬಳೇ ಪರದೆ ಸರಿಸಿದಳು.

ಒಳಗೆ ಒಬ್ಬಳೇ ಗಿರಾಕಿ, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿದ್ದಳು. ಅವಳ ಹುಬ್ಬಿನ ಮೇಲೆ ಬಾಗಿದ್ದ ಅರವತ್ತರ ಹೆಂಗಸು ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕಣ್ಸನ್ನೆಯಲ್ಲೇ ಕುಳಿತುಕೊಳ್ಳಲು ಹೇಳಿದಳು. ದಾರ ಚರಚರನೆ ಸದ್ದು ಮಾಡುತ್ತಿತ್ತು.

ಗಿರಾಕಿ ಹೋದ ಮೇಲೆ ತೂರಾನ್ ದಾರ ಉಗಿದು ಮಹರುಖ್‌ಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಹುಬ್ಬು ಮಾಡಬಹುದು. ಈ ಮೂಗಿಗೆ ನಾನೇನೂ ಮಾಡೋಕಾಗಲ್ಲಮ್ಮ.”

“ಮೇಣದಲ್ಲಿ ಮೂಗು ಮಾಡ್ತೀರಂತಲ್ಲ.”

ಗಲ್ಲ ಹಿಡಿದಿದ್ದ ಕೈ ಬಿಟ್ಟಿತು.

ಮಹರುಖ್ ಎರಡು ಚಿತ್ರಗಳನ್ನೂ ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟಳು. ತೂರಾನ್ ಮೊದಲು ನೋಡಿದ್ದು ಕಪ್ಪುಬಿಳುಪು ಚಿತ್ರವನ್ನು. ಅವಳ ಮುಖ ಒಂದು ಕ್ಷಣ ಅರಳಿತು.

“ಅಯ್ಯೋ, ಇದಿನ್ನೂ ಇದೆಯಾ! ಬಹಮನ್ ತೆಗೆದದ್ದು. ಆ ರಾತ್ರಿ ಮೊದಲ ಸಾಲಲ್ಲಿದ್ದ ಹೆಂಗಸೊಬ್ಬಳು ಎದ್ದು ಡಾಕ್ಟರನ್ನ ಕರೀರಿ ಅಂತ ಕೂಗಿದ್ಲು. ಅಷ್ಟು ನಿಜವಾಗಿತ್ತು.”

“ಪಕ್ಕದ್ದು?”

“ಅದು ಯಾರೋ ನಂಗೊತ್ತಿಲ್ಲ.”

“ಮಾಡಿದ್ದು ಯಾರು ಅಂತ ಗೊತ್ತಲ್ಲ.”

“ನೀವು ಪೊಲೀಸಾ?”

“ವಕೀಲೆ. ಆದ್ರೆ ಇವತ್ತು ಮೊಕದ್ದಮೆಗೆ ಬಂದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೇಲಿ ಮಲಗಿದ್ದಾಳೆ. ಹನ್ನೊಂದನೇ ದಿನದ ಬಾಟಲೀಲಿ ಏನಿತ್ತು ಅಂತ ಅವಳ ಡಾಕ್ಟರಿಗೆ ಗೊತ್ತಾಗಬೇಕು. ಅದನ್ನ ಹೇಳಿ. ಮಿಕ್ಕಿದ್ದು ಹೇಳದಿದ್ರೂ ಸರಿ, ಆಮೇಲೆ ನನ್ನ ಹೊರಗೆ ಹಾಕಿ.”

ತೂರಾನ್ ಕುರ್ಚಿಯ ಮೇಲೆ ಕುಳಿತಳು. ಹೊರಗೆ ಮಕ್ಕಳ ಚೆಂಡು ಗೋಡೆಗೆ ಬಡಿಯುತ್ತಿತ್ತು.

“ಚಹಾ,” ಎಂದಳು.

“ಬೇಡ, ಈಗ ಕುಡಿಯಲ್ಲ.”

“ಬಾಟಲೀಲಿ ಇದ್ದದ್ದು ಚಹಾ ಅಂತಿದ್ದೀನಿ. ನಾನೇ ಸೋಸಿ ತುಂಬಿದ್ದೆ. ಬಣ್ಣ ಚೆನ್ನಾಗಿ ಬರುತ್ತೆ ಅಂತ.”

“ಶೊಕೂಫೆ ಹಾಕ್ಕೊಂಡದ್ದು ಚಹಾ ಅಲ್ಲ. ವಿಡಿಯೊ ನೋಡಿ ಅಂಚೇಲಿ ತರಿಸಿದ್ದು.”

ತೂರಾನ್ ಎದ್ದು ಕೆಳಗಿನ ಡ್ರಾಯರ್ ಎಳೆದಳು. ಬಾಚಣಿಗೆಗಳ ಅಡಿಯಿಂದ ಒಂದು ಪುಟ್ಟ ಬಾಟಲಿ ತೆಗೆದಳು. ಜೇನಿನ ಬಣ್ಣ, ಬಂಗಾರದ ಮುಚ್ಚಳ. ಅರ್ಧ ತುಂಬಿತ್ತು.

“ಅದೇ ಎಣ್ಣೆ, ನನ್ನ ಗಿರಾಕಿಯೊಬ್ಬಳು ತರಿಸಿ ಬಿಟ್ಟು ಹೋದದ್ದು. ಮೂಗೆಲ್ಲ ಉರೀತು, ನೀವು ಬೇಕಾದ್ರೆ ಕೂದಲಿಗೆ ಹಚ್ಕೊಳ್ಳಿ ಅಂದ್ಲು. ಮುಚ್ಚಳ ತೆಗೆದ್ರೆ ಕೊಳೆತ ವಾಸನೆ. ಅವತ್ತಿಂದ ಎಸೆಯೋಕೂ ಆಗ್ಲಿಲ್ಲ, ಇಟ್ಕೊಳ್ಳೋಕೂ ಆಗ್ಲಿಲ್ಲ.”

ಮಹರುಖ್ ಬಾಟಲಿ ಕಿತ್ತುಕೊಂಡವಳಂತೆ ತೆಗೆದುಕೊಂಡು ಪರದೆಯ ಹೊರಗೆ ಓಡಿದಳು. “ಮಾವ! ನೇರ ಆಸ್ಪತ್ರೆಗೆ. ಅಖ್ತರ್ ಕೈಗಲ್ಲ, ಡಾಕ್ಟರ ಕೈಗೇ ಕೊಡಿ. ಯಾರೂ ತೊಳೀದ ಹಾಗೆ ನೋಡ್ಕೊಳ್ಳಿ.”

“ನೀನು?”

“ನಂದಿನ್ನೂ ಮುಗಿದಿಲ್ಲ.”

ಪೇಕಾನ್ ತಿರುವಿನಲ್ಲಿ ಮರೆಯಾಯಿತು. ಅವಳು ಒಳಗೆ ಬಂದಾಗ ತೂರಾನ್ ಬಾಗಿಲ ಚಿಲಕ ಹಾಕಿದಳು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

“ಕೂತ್ಕೊಳ್ಳಿ,” ಎಂದಳು ತೂರಾನ್. “ಒಂದೇ ಸಲ ಹೇಳ್ತೀನಿ.”

*

ಬೇಸಿಗೆಯಲ್ಲಿ ಫರ್ನೂದ್ ಎಂಬ ಗಂಡಸು ಅವಳನ್ನು ಹುಡುಕಿಕೊಂಡು ಬಂದಿದ್ದ. ಮೂಗಿನ ಡಾಕ್ಟರ ಕ್ಲಿನಿಕ್ಕಿನ ವ್ಯವಹಾರ ನೋಡಿಕೊಳ್ಳುವವನು. ನರ್ಸುಗಳಿಗೆ ಪಾಠ ಹೇಳುವ ವಿಡಿಯೊ ಮಾಡಬೇಕು, ನಿಮ್ಮ ಕೈಚಳಕ ಬೇಕು ಎಂದಿದ್ದ.

“ಹದಿನೈದು ವರ್ಷದಿಂದ ಹುಬ್ಬು ಕೀಳ್ತಿದ್ದೀನಿ ವಕೀಲೆ ಖಾನಂ. ನನ್ನ ಕೈಚಳಕ ಅಂತ ಯಾರೂ ಅಂದಿರಲಿಲ್ಲ. ಹೋದೆ.”

ಊರಿನ ಉತ್ತರದ ತುದಿಯಲ್ಲಿ ಒಂದು ಖಾಲಿ ಫ್ಲ್ಯಾಟು. ಸೋಫಾ ಬಿಟ್ಟರೆ ಬೇರೆ ಸಾಮಾನಿಲ್ಲ. ಪಕ್ಕದ ಕೋಣೆಯಲ್ಲಿ ಹಗ್ಗ ಕಟ್ಟಿ ನಲವತ್ತು ಅಂಗಿ, ನಲವತ್ತು ತಲೆಬಟ್ಟೆ ನೇತುಹಾಕಿದ್ದರು. ಒಂದೊಂದಕ್ಕೂ ನಂಬರಿನ ಚೀಟಿ. ಸೋಫಾದ ಮೇಲೆ ದೆಲಾರಾ ಕುಳಿತು ಪಿಸ್ತಾ ತಿನ್ನುತ್ತಿದ್ದಳು.

“ಎಂಥಾ ಮೂಗು ಗೊತ್ತಾ! ದೇವರೇ ಕೂತು ತಿದ್ದಿದ ಹಾಗಿತ್ತು. ಅವಳಿಗೆ ಎಲ್ಲಿಯ ಆಪರೇಷನ್ನು? ‘ಮೊದಲು ಹೀಗಿದ್ದೆ’ ಅಂತ ತೋರಿಸ್ತಾಳಲ್ಲ ಆ ಡೊಂಕು ಮೂಗು, ಅದು ನಾನು ಮೇಣದಲ್ಲಿ ಮಾಡಿದ್ದು. ‘ಆಮೇಲೆ ಹೀಗಾದೆ’ ಅನ್ನೋದು ಅವಳು ಹುಟ್ಟಿದಾಗಿಂದ ಇದ್ದ ಮೂಗು.”

“ಅವಳಿಗೆ ಗೊತ್ತಿತ್ತಾ?”

“ಅವಳಿಗೂ ನರ್ಸುಗಳ ಪಾಠ ಅಂತಲೇ ಹೇಳಿದ್ರು. ನಗ್ತಾ ನಗ್ತಾ ಮಾಡಿದ್ಲು. ಪ್ರತಿ ದಿನದ ವಿಡಿಯೊ ಮುಗಿದ ಮೇಲೆ ನನ್ನ ಕಡೆ ತಿರುಗಿ ‘ತೂರಾನಮ್ಮ, ಇನ್ನೊಂದು ದಿನ ವಯಸ್ಸಾಯ್ತು ನಂಗೆ’ ಅನ್ನೋಳು. ನಾನು ಹಳೇ ಬಣ್ಣ ಒರೆಸಿ ಹೊಸದು ಹಚ್ತಿದ್ದೆ.”

ತೂರಾನ್ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು.

“ಮೂವತ್ತೊಂದನೆಯದಕ್ಕೆ ಮೊದಲು ಅವಳು ಮುಂದಿನ ಹಾಳೆ ಓದಿಬಿಟ್ಲು. ಮೂವತ್ತೆರಡನೇ ದಿನದ್ದು. ಜ್ವರ ಬಂದ್ರೆ ಹೆದರಬೇಡಿ, ಡಾಕ್ಟರ ಹತ್ರ ಓಡಬೇಡಿ, ಎಣ್ಣೆ ಜಾಸ್ತಿ ಹಾಕಿ ಅಂತ ಬರೆದಿತ್ತು. ‘ನರ್ಸುಗಳಿಗೆ ಯಾಕೆ ಹೀಗೆ ಹೇಳಬೇಕು?’ ಅಂತ ಕೇಳಿದ್ಲು. ಫರ್ನೂದ್ ನಕ್ಕ. ಆ ನಗು ಕೇಳಿ ಅವಳಿಗೆ ಅರ್ಥ ಆಯ್ತು ಅನ್ಸುತ್ತೆ. ಮೂವತ್ತೊಂದು ಹೇಗೋ ಮುಗಿಸಿದ್ಲು. ಆಮೇಲೆ ಎದ್ದು ನಿಂತು, ‘ಜ್ವರದಲ್ಲಿರೋ ಹುಡುಗಿ ಇದನ್ನ ಕೇಳಿಸ್ಕೊಂಡ್ರೆ? ನಾನು ಹೇಳಲ್ಲ’ ಅಂದ್ಲು.”

“ಆಮೇಲೆ?”

“ಫರ್ನೂದ್ ನನಗೆ, ನೀವು ಹೊರಡಿ ಅಂದ. ಹೊರಟೆ. ಬಚ್ಚಲ ಬಾಗಿಲು ತೆರೆದಿತ್ತು. ಅವಳು ನಲ್ಲಿ ಬಿಟ್ಕೊಂಡು ಮುಖದ ನೀಲಿ ತೊಳೀತಿದ್ಲು. ಬೇಸಿನ್ ತುಂಬ ನೀಲಿ ನೀರು. ನನ್ನ ನೋಡಿ ‘ಒಂದು ನಿಮಿಷ ಇರಿ, ಒಟ್ಟಿಗೆ ಹೋಗೋಣ’ ಅಂದ್ಲು.”

“ಇದ್ರಾ?”

ತೂರಾನ್ ಇಲ್ಲವೆಂದು ತಲೆಯಾಡಿಸಿದಳು. ಅವಳ ಕೆಳತುಟಿ ಒಳಗೆ ಸರಿದಿತ್ತು.

“ಅವತ್ತಿಂದ ಎಷ್ಟು ಸಲ ಮಾಡಿದ್ರೂ ಅವಳು ಫೋನ್ ಎತ್ತಲ್ಲ,” ಎಂದಳು ಕೊನೆಗೆ. “ಹೋದ ತಿಂಗಳು ಗಿರಾಕಿಯೊಬ್ಬಳು ಇದೇ ಕುರ್ಚೀಲಿ ಕೂತು ವಿಡಿಯೊ ತೋರಿಸಿದ್ಲು. ‘ಎಷ್ಟು ಬೇಗ ವಾಸಿಯಾಗ್ತಿದೆ ನೋಡಿ, ನಾನೂ ಅಲ್ಲೇ ಮಾಡಿಸ್ತೀನಿ’ ಅಂದ್ಲು. ನನ್ನ ಬಣ್ಣ ಅದು ಅಂತ ಹೇಳಬಹುದಿತ್ತು. ಹುಬ್ಬು ಮಾಡಿ ಕಳಿಸಿದೆ.”

ಮಹರುಖ್ ಏನಾದರೂ ಕಟುವಾಗಿ ಹೇಳಬೇಕೆಂದುಕೊಂಡಳು. ಬದಲಿಗೆ ದೆಲಾರಾಳ ಚಿತ್ರವನ್ನು ಅವಳತ್ತ ಸರಿಸಿದಳು.

“ಮೂವತ್ತೊಂದೇ ಮಾಡಿದ್ದು. ಖಂಡಿತಾನಾ?”

“ನನ್ನ ಕೈಯಿಂದಲೇ ಎಣಿಸಿದ್ದೀನಿ. ಒಂಬತ್ತು ಅಂಗಿ ಹಗ್ಗದ ಮೇಲೇ ಉಳಿದಿತ್ತು.”

“ಹಾಗಾದ್ರೆ ನಿನ್ನೆಗೆ ಮುಗೀತು. ಇವತ್ತು ಐದಕ್ಕೆ ಏನೂ ಬರಬಾರದು.”

“ಬರಲ್ಲ,” ಎಂದಳು ತೂರಾನ್. “ಎಲ್ಲಿಂದ ಬರುತ್ತೆ?”

ಇಬ್ಬರೂ ಗಡಿಯಾರ ನೋಡಿದರು. ಐದಕ್ಕೆ ಏಳು ನಿಮಿಷ.

ತೂರಾನ್ ಸಮೋವರಿನಿಂದ ಎರಡು ಲೋಟ ಚಹಾ ಹಿಡಿದಳು. ಇಬ್ಬರೂ ಕುಡಿಯಲಿಲ್ಲ. ಹೊರಗೆ ಚೆಂಡಿನ ಸದ್ದು ನಿಂತಿತ್ತು. ಕನ್ನಡಿಯ ಸುತ್ತಲಿನ ಬಲ್ಬುಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಮಹರುಖ್ ಫೋನನ್ನು ಹಲಗೆಯ ಮೇಲೆ, ಎರಡು ಚಿತ್ರಗಳ ನಡುವೆ ನಿಲ್ಲಿಸಿದಳು.

ಐದು ಗಂಟೆ.

ಏನೂ ಬರಲಿಲ್ಲ. ತೂರಾನ್ ಉಸಿರು ಬಿಟ್ಟಳು. ಅವಳು ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಲೋಟ ಎತ್ತಿದಳು.

ಫೋನ್ ಮಿನುಗಿತು.

‘ದೆಲಾರಾಳ ನಲವತ್ತು ದಿನ. ಮೂವತ್ತೆರಡನೆಯ ದಿನ.’

ಅದೇ ಗೋಡೆ. ಅದೇ ಸೋಫಾ. ಕಿಟಕಿಯ ನೆರಳು ಮಾತ್ರ ಇರಲಿಲ್ಲ. ಎಲ್ಲೋ ಮೇಲಿನಿಂದ ಬಿಳಿ ವಿದ್ಯುತ್ ದೀಪದ ಬೆಳಕು ಬೀಳುತ್ತಿತ್ತು. ದೆಲಾರಾ ಕುಳಿತಿದ್ದಳು. ಮೂಗಿನ ಮೇಲೆ ಪಟ್ಟಿ. ಪಟ್ಟಿಯ ಅಂಚಿನಲ್ಲಿ ಕಂದು ಬಣ್ಣದ ತೇವ. ಎರಡೂ ಕಣ್ಣು ಊದಿ ಸೀಳಿನಷ್ಟಾಗಿದ್ದವು. ನೀಲಿ ಕೆನ್ನೆ ದಾಟಿ, ದವಡೆ ದಾಟಿ, ಕುತ್ತಿಗೆಯವರೆಗೆ ಇಳಿದಿತ್ತು.

ತೂರಾನ್‌ಳ ಕೈಯಿಂದ ಲೋಟ ಜಾರಿ ನೆಲಕ್ಕೆ ಬಿತ್ತು.

“ಇದು ನನ್ನ ಕೆಲಸ ಅಲ್ಲ.” ಅವಳು ಫೋನಿನ ಪರದೆಗೆ ಮೂಗು ತಾಗುವಷ್ಟು ಬಾಗಿದಳು. “ಇದು ಯಾರ ಕೆಲಸಾನೂ ಅಲ್ಲ ಖಾನಂ. ಇದು ಬಣ್ಣ ಅಲ್ಲ. ಅಯ್ಯೋ, ಆ ಮೂಗು! ಆ ಮೂಗಿಗೆ ನಿಜವಾಗ್ಲೂ ಕತ್ತರಿ ಹಾಕಿದ್ದಾರೆ.”

ವಿಡಿಯೊದಲ್ಲಿ ಮಾತು ಶುರುವಾಯಿತು. ಮೆತ್ತಗಿನ, ತಾಯಿಯಂಥ ಹೆಣ್ಣಿನ ಧ್ವನಿ. ಜ್ವರ ಬಂದ್ರೆ ಹೆದರಬೇಡಿ. ಅದು ಒಳ್ಳೇ ಲಕ್ಷಣ. ಡಾಕ್ಟರ ಹತ್ರ ಓಡಬೇಡಿ.

ದೆಲಾರಾಳ ತುಟಿಗಳು ಅಲುಗುತ್ತಿರಲಿಲ್ಲ.

ವಿಡಿಯೊದ ಕೆಳಗೆ ನೋಡುವವರು ಬರೆದ ಸಾಲುಗಳು ಒಂದರ ಮೇಲೊಂದು ಏರತೊಡಗಿದ್ದವು. ‘ನನಗೂ ನಿನ್ನೆಯಿಂದ ಜ್ವರ, ಈಗ ಸಮಾಧಾನ ಆಯ್ತು.’ ‘ದೇವರು ಒಳ್ಳೇದು ಮಾಡಲಿ ಅಕ್ಕ.’ ‘ನನಗೂ.’ ‘ನನಗೂ.’

“ಇದು ಅವಳ ಧ್ವನಿ ಅಲ್ಲ,” ಎಂದಳು ಮಹರುಖ್. “ಮೂವತ್ತೊಂದು ವಿಡಿಯೊ ಕೇಳಿದ್ದೀನಿ. ಇದು ಬೇರೆ ಯಾರೋ.”

ತೂರಾನ್ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಒಂದು ಕೈ ತನ್ನದೇ ಗಂಟಲನ್ನು ಹಿಡಿದುಕೊಂಡಿತ್ತು.

ಮಹರುಖ್‌ಗೆ ಆಗ ಗೊತ್ತಾಯಿತು. ಅರ್ಧ ಗಂಟೆಯಿಂದ ಈ ಕೋಣೆಯಲ್ಲಿ ಅವಳು ಕೇಳುತ್ತ ಕುಳಿತಿದ್ದದ್ದು ಇದೇ ಧ್ವನಿಯನ್ನು.

“ನಂದು,” ಎಂದಳು ತೂರಾನ್, ಫೋನಿನೊಳಗಿನ ಹೆಂಗಸಿನಷ್ಟೇ ಮೆತ್ತಗೆ. “ಧ್ವನಿ ನಂದೇ ಖಾನಂ. ಆದ್ರೆ ಈ ಮಾತನ್ನ ನಾನು ಯಾವತ್ತೂ ಆಡಿಲ್ಲ.”